ಪುದಿಯಾಪ್ಳನ ಅಮ್ಮ ಕಡಲಿಗೆ ಹೋದದ್ದು

ಕಲ್ಲಿಕೋಟೆಗೆ ಪರಂಗಿಗಳು ಬಂದದ್ದು, ಅರಸ ಸಾಮೂದಿರಿಯ ಕೆಂಗಣ್ಣಿಗೆ ಗುರಿಯಾದದ್ದು, ಕೊನೆಗೆ ಗಂಟುಮೂಟೆ ಕಟ್ಟಿದ್ದು ಎಲ್ಲವೂ ದಪ್ಪ ದಪ್ಪ ಪುಸ್ತಕಗಳಲ್ಲಿ ದಾಖಲಾಗಿದೆ. ಆಲತ್ತೂರಿನ ಸೈನಂಬು ಬೀವಿ ಎಂಬ ಹೆಂಗಸು ಜನವರಿಯ ಒಂದು ಸಂಜೆ ಕಡಲದಂಡೆಯ ತಳ್ಳುಗಾಡಿಯ ಮುಂದೆ ನಿಂತು, ಉಪ್ಪುನೀರಿನಲ್ಲಿ ನೆನೆದ ಅನಾನಸಿನ ಹೋಳನ್ನು ಖಾರದಪುಡಿ ಉದುರಿಸಿಕೊಂಡು ತಿಂದದ್ದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಇದೊಂದು ದೊಡ್ಡ ಲೋಪ. ಕಲ್ಲಿಕೋಟೆಯ ನಮ್ಮ ಕೇರಿ ಕುಟ್ಟಿಚ್ಚಿರದ ಕೊಳದ ಸುತ್ತಲಿನ ಮನೆಗಳಲ್ಲಿ ಆ ಒಂದು ಹೋಳಿನ ಬಗ್ಗೆ ನಡೆದಷ್ಟು ಚರ್ಚೆ ಪರಂಗಿಗಳ ಬಗ್ಗೆ ಎಂದೂ ನಡೆದದ್ದಿಲ್ಲ.

ಸೈನಂಬು ಬೀವಿ ಪಂಡಸಾಲೆ ಮನೆಯ ಪುದಿಯಾಪ್ಳನ ತಾಯಿ. ನಮ್ಮಲ್ಲಿ ಹೆಣ್ಣುಮಕ್ಕಳು ಮದುವೆಯಾದ ಮೇಲೂ ಹುಟ್ಟಿದ ಮನೆಯಲ್ಲೇ ಇರುತ್ತಾರೆ. ಗಂಡಂದಿರು ಕತ್ತಲಾದ ಮೇಲೆ ಬರುತ್ತಾರೆ, ಉಣ್ಣುತ್ತಾರೆ, ಮಾಳಿಗೆಯ ಕೋಣೆಯಲ್ಲಿ ಮಲಗುತ್ತಾರೆ, ಬೆಳಗಿನ ತಿಂಡಿ ಮುಗಿಸಿ ಹೊರಡುತ್ತಾರೆ. ಹೀಗೆ ಬಂದು ಹೋಗುವವನೇ ಪುದಿಯಾಪ್ಳ, ಅಂದರೆ ಹೊಸ ಮದುಮಗ. ಹಲ್ಲು ಉದುರಿ ಮೊಮ್ಮಕ್ಕಳಾದ ಮೇಲೂ ಅವನು ಹೊಸ ಮದುಮಗನೇ. ಆ ಹೊಸತನಕ್ಕೆ ತಕ್ಕಂತೆ ಅವನ ತಟ್ಟೆಗೆ ಕೋಳಿಯ ತೊಡೆ ಬೀಳುತ್ತಲೇ ಇರಬೇಕು.

ಪಂಡಸಾಲೆ ಮನೆಯಲ್ಲಿ ಆಗ ಇದ್ದದ್ದು ಮೂವರು ಹೆಂಗಸರು: ಎಂಬತ್ತರ ಹತ್ತಿರದ ಇಂಬಿಚ್ಚಿಬಿ, ಅವಳ ವಿಧವೆ ಮಗಳು ಬಿಚ್ಚಾತು, ಬಿಚ್ಚಾತುವಿನ ಒಬ್ಬಳೇ ಮಗಳು ಹಫ್ಸತ್. ಇಂಬಿಚ್ಚಿಬಿಯ ಮಗ ಆಲಿಕ್ಕೋಯ ರೂಢಿಯಂತೆ ತನ್ನ ಹೆಂಡತಿಯ ಮನೆಯಲ್ಲಿ ಮಲಗುತ್ತಿದ್ದ. ದಿನಕ್ಕೊಮ್ಮೆ ಬಂದು ತಾಯಿಮನೆಯ ಯಜಮಾನಿಕೆ ನಡೆಸಿ, ಚಹಾ ಕುಡಿದು ಹೋಗುತ್ತಿದ್ದ. ಹಫ್ಸತ್‌ಳ ಗಂಡ ಕಾಜಾ ಮುಹಿಯುದ್ದೀನ್ ಪಾಲಕ್ಕಾಡಿನ ಕಡೆಯ ರಾವುತ್ತರ, ಅಂದರೆ ತಮಿಳು ಮೂಲದ ಮುಸ್ಲಿಮರ, ಹುಡುಗ. ಅಪ್ಪನ ಮಿಲ್ಲಿನ ಅಕ್ಕಿ ಮಾರಲು ವಲಿಯಂಗಾಡಿ ಪೇಟೆಯ ಮಂಡಿಗೆ ಬಂದವನು ಆ ಮಂಡಿಯಲ್ಲೇ ಕೆಲಸಕ್ಕೆ ನಿಂತ. ಆಲಿಕ್ಕೋಯ ಅವನನ್ನು ಅಲ್ಲಿಂದ ಎತ್ತಿ ತಂದು ಅಕ್ಕನ ಮಗಳಿಗೆ ಕಟ್ಟಿದ. ಮೂರು ವರ್ಷದಲ್ಲಿ ಕಾಜಾ ಎರಡು ಸಲ ಬೆಲ್ಟು ಬದಲಾಯಿಸಿದ್ದ.

ಅವನ ಊರು ಆಲತ್ತೂರಿನವರಿಗೆ ಈ ಏರ್ಪಾಡು ಹಿಡಿಸಲಿಲ್ಲ. ಅಲ್ಲಿ ಸೊಸೆ ಅತ್ತೆಯ ಮನೆಗೆ ಬರಬೇಕು. "ಏನು ಸೈನಂಬು, ಮಗನ್ನ ಕಳಿಸಿಕೊಟ್ಟೆಯಂತೆ? ಬೀಗರು ಅವನನ್ನ ಚೆನ್ನಾಗಿ ನೋಡ್ಕೋತಾರಾ, ಅಳ್ತಾನಾ?" ಎಂದು ನೆರೆಯವರು ಕೇಳುತ್ತಿದ್ದರು. ಮೂರು ವರ್ಷ ಕೇಳಿಸಿಕೊಂಡ ಸೈನಂಬು, ಆ ಜನವರಿಯಲ್ಲಿ ಒಂದು ಮೂಟೆ ಅಕ್ಕಿ, ಒಂದು ಬುಟ್ಟಿ ತಾಳೆಬೆಲ್ಲ ಕಟ್ಟಿಕೊಂಡು ಕಲ್ಲಿಕೋಟೆ ಸ್ಟೇಷನ್ನಿನಲ್ಲಿ ಇಳಿದಳು. ಇಳಿದವಳೇ ಮಗನಿಗೆ ಹೇಳಿದಳು:

"ಈ ಸಲ ಅವಳನ್ನ ಕರ್ಕೊಂಡೇ ಹೋಗೋದು. ಬೇಕಾದ್ರೆ ನೀನೂ ಬಾ."

"ಅಮ್ಮಾ, ಮೊದ್ಲು ಊಟ ಮಾಡು. ಆಮೇಲೆ ಮಾತಾಡೋಣ."

ಊಟದ ನಂತರ ಮಾತಾಡುವುದು ಪಂಡಸಾಲೆ ಮನೆಯಲ್ಲಿ ಯಾರಿಂದಲೂ ಆಗುವ ಕೆಲಸವಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಬೀಗಿತ್ತಿ ಯಾಕೆ ಬಂದಿದ್ದಾಳೆ ಎಂಬುದನ್ನು ಇಂಬಿಚ್ಚಿಬಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಕ್ಕಿಯ ಮೂಟೆ ನೋಡಿಯೇ ಅವಳು ಮಗಳನ್ನು ಅಡುಗೆಮನೆಗೆ ಕರೆದಳು.

"ಇಷ್ಟು ದೊಡ್ಡ ಉಡುಗೊರೆ ತಂದಿದ್ದಾಳೆ ಅಂದ್ರೆ ಇದಕ್ಕಿಂತ ದೊಡ್ಡದೇನೋ ಹೊತ್ಕೊಂಡು ಹೋಗೋಕೆ ಬಂದಿದ್ದಾಳೆ."

"ಉಮ್ಮಾ, ಕೇಳಿದ್ರೆ ಏನು ಹೇಳೋದು? ಇಲ್ಲ ಅನ್ನೋಕಾಗುತ್ತಾ? ಪುದಿಯಾಪ್ಳನ ತಾಯಿ."

"ಕೇಳಿದ್ರೆ ತಾನೇ ಇಲ್ಲ ಅನ್ನೋದು? ಕೇಳೋಕೆ ಬಾಯಿ ಖಾಲಿ ಇರಬೇಕು. ನೀನು ಕೋಳಿ ತರಿಸು."

ಅಂದಿನಿಂದ ಶುರುವಾಯಿತು. ಬೆಳಿಗ್ಗೆ ಪತ್ತಿರಿ, ಅಂದರೆ ಕಾಗದದಷ್ಟು ತೆಳ್ಳಗಿನ ಅಕ್ಕಿರೊಟ್ಟಿ, ಜೊತೆಗೆ ಆಡಿನ ಪಲ್ಯ. ಹತ್ತು ಗಂಟೆಗೆ ಬಾಳೆಹಣ್ಣು ಅರೆದು, ಕಾಯಿತುರಿ ತುಂಬಿ, ಕದಿರಿನ ಆಕಾರದಲ್ಲಿ ಕರಿದ ಉನ್ನಕ್ಕಾಯ. ಮಧ್ಯಾಹ್ನ ಬಿರಿಯಾನಿ. ಸಂಜೆ ಒಂದರ ಮೇಲೊಂದು ರೊಟ್ಟಿ, ನಡುನಡುವೆ ಕೋಳಿ, ಮೇಲೆ ಗಸಗಸೆ ಹಾಕಿ ಬೇಯಿಸಿದ ಚಟ್ಟಿಪತ್ತಿರಿ. ಇದೆಲ್ಲ ಇಳಿಯಲಿ ಎಂದು ಕರೀ ಚಹಾ. ಚಹಾ ಒಂದನ್ನೇ ಕುಡಿಸಬಾರದಲ್ಲ ಎಂದು ಮತ್ತೆ ಉನ್ನಕ್ಕಾಯ.

ಇಲ್ಲೊಂದು ತಪ್ಪು ನಡೆಯಿತು. ಪಂಡಸಾಲೆ ಮನೆಯಲ್ಲಿ ಅತಿಥಿಯ ತಟ್ಟೆ ಖಾಲಿಯಾಯಿತೆಂದರೆ ಇನ್ನೂ ಹಸಿವಿದೆ ಎಂದು ಅರ್ಥ. ಖಾಲಿ ಬಿಡುವುದು ಮನೆಗೆ ಅವಮಾನ. ಸಾಕಾದವರು ಎರಡು ತುತ್ತು ಉಳಿಸಿ ಕೈ ತೊಳೆಯಬೇಕು. ಸೈನಂಬು ಭತ್ತದ ನಾಡಿನವಳು, ಮಿಲ್ಲಿನವನ ಹೆಂಡತಿ. ಅವಳ ಮನೆಯಲ್ಲಿ ತಟ್ಟೆಯಲ್ಲಿ ಒಂದು ಅಗುಳು ಉಳಿಸಿದರೂ ಅದು ಪಾಪ. ಹೀಗಾಗಿ ಅವಳು ಮರ್ಯಾದೆಗಾಗಿ ತಟ್ಟೆ ಬಳಿದು ಖಾಲಿ ಮಾಡುತ್ತಿದ್ದಳು. ಬಿಚ್ಚಾತು ಮರ್ಯಾದೆಗಾಗಿ ಮತ್ತೆ ತುಂಬುತ್ತಿದ್ದಳು. ಒಂದನ್ನೊಂದು ಬಗ್ಗಿಸಲು ಎರಡು ಮರ್ಯಾದೆಗಳು ಮೂರು ಹೊತ್ತೂ ಕಾದಾಡಿದವು. ಇದನ್ನು ಬಿಡಿಸಿ ಹೇಳಬಲ್ಲವನು ಕಾಜಾ ಒಬ್ಬನೇ. ಮದುವೆಯ ಹೊಸದರಲ್ಲಿ ಅವನೂ ಇದೇ ತಪ್ಪು ಮಾಡಿ ಕಷ್ಟಪಟ್ಟು ಕಲಿತವನು. ಆದರೆ ಹಗಲೆಲ್ಲ ಅವನು ಮಂಡಿಯಲ್ಲಿರುತ್ತಿದ್ದ.

"ಏನು ಹೊಟ್ಟೆಯಪ್ಪಾ ಅದು!" ಎಂದಳು ಬಿಚ್ಚಾತು, ಪಾತ್ರೆ ತೊಳೆಯುತ್ತ. "ಹಾಕಿದಷ್ಟೂ ಹೋಗ್ತಾನೇ ಇದೆ. ಆ ಊರಲ್ಲಿ ಪಾಪ ಏನೂ ತಿನ್ನೋಕೆ ಸಿಗಲ್ವೋ ಏನೋ."

"ಅಂಥ ಊರಿಗೆ ನಮ್ಮ ಹುಡುಗೀನ ಕಳಿಸಬೇಕಂತೆ," ಎಂದಳು ಇಂಬಿಚ್ಚಿಬಿ.

ಸೈನಂಬು ಮಾತ್ರ ಮಾಳಿಗೆಯ ಕಿಟಕಿಯ ಹತ್ತಿರ ಕೂತು, ಸೀರೆಯ ಗಂಟು ಸಡಿಲಿಸಿ, ಉಸಿರು ಬಿಡುತ್ತಿದ್ದಳು. ಮಾತೆತ್ತಬೇಕೆಂದು ಅವಳು ದಿನವೂ ನಿಶ್ಚಯಿಸುತ್ತಿದ್ದಳು. ಊಟಕ್ಕೆ ಕೂರುತ್ತಿದ್ದಳು. ಮೂವರು ಹೆಂಗಸರೂ ಸುತ್ತ ನಿಂತು ಬಡಿಸುತ್ತಿದ್ದರು. ಯಾರೂ ಜೊತೆಗೆ ಕೂರುತ್ತಿರಲಿಲ್ಲ. ಎದ್ದಾಗ ಮಾತು ಯಾವುದೆಂದೇ ಮರೆತುಹೋಗಿರುತ್ತಿತ್ತು.

ಒಂದು ವಾರ ಕಳೆದ ಮೇಲೆ ಅವಳು ಸೊಸೆಯನ್ನು ಕೇಳಿದಳು:

"ಅದೇನು ಸದ್ದು ಕಣೇ, ದಿನಾ ಕೇಳ್ತಿದೆ? ಮಿಲ್ಲು ಓಡಿದ ಹಾಗೆ."

"ಕಡಲು, ಅಮ್ಮಾ."

"ಎಷ್ಟು ದೂರ?"

"ನಡೆದ್ರೆ ಹತ್ತು ನಿಮಿಷ."

"ಹತ್ತು ನಿಮಿಷಾನಾ? ಬಂದು ವಾರ ಆಯ್ತು, ಸದ್ದು ಕೇಳಿದ್ದೇ ಬಂತು, ಮುಖ ನೋಡಿಲ್ಲ! ನನ್ನ ಜನ್ಮದಲ್ಲಿ ನಾನು ಕಡಲು ನೋಡಿಲ್ಲ, ಗೊತ್ತಾ? ಭಾರತಪ್ಪುಳ ನದಿ ನೋಡಿದ್ದೀನಿ. ಅದೂ ಬೇಸಿಗೇಲಿ. ಮರಳು."

ಹಫ್ಸತ್ ನಕ್ಕಳು. ಅತ್ತೆಯ ಎದುರು ಅವಳು ನಕ್ಕದ್ದು ಅದೇ ಮೊದಲು. ಸಂಜೆ ನಾಲ್ಕಕ್ಕೆ "ಅಮ್ಮನ ಜಾಕೀಟು ಹೊಲಿಯೋಕೆ ಕೊಟ್ಟು ಬರ್ತೀವಿ" ಎಂದು ಹೇಳಿ ಇಬ್ಬರೂ ಹೊರಟರು. ಕೊಳದ ಪಕ್ಕ ದರ್ಜಿಯ ಅಂಗಡಿ ಬಂತು, ಅದನ್ನು ದಾಟಿದರು.

ಕಡಲಿನ ಮುಂದೆ ಸೈನಂಬು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಹಳೆಯ ಕಡಲಸೇತುವೆಯ ತುಕ್ಕು ಹಿಡಿದ ಕಂಬಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ದೂರದಲ್ಲಿ ಒಂದು ಹಡಗು ನಿಂತಿತ್ತೋ ಹೋಗುತ್ತಿತ್ತೋ ತಿಳಿಯುತ್ತಿರಲಿಲ್ಲ.

"ಇಷ್ಟು ನೀರಾ!" ಎಂದಳು ಸೈನಂಬು. "ಇಷ್ಟು ನೀರು ಇಟ್ಕೊಂಡು ಒಂದು ಗದ್ದೆ ನಾಟಿ ಮಾಡೋಕಾಗಲ್ವಾ ನಿಮಗೆ?"

"ಉಪ್ಪಲ್ವಾ ಅಮ್ಮಾ."

"ಅದೇ ಹೇಳಿದ್ದು. ಕೈಗೆ ಬಂದದ್ದು ಬಾಯಿಗೆ ಬರಲ್ಲ."

ಬಾಯಿಗೆ ಬರುವಂಥದ್ದು ಹಿಂದೆಯೇ ಇತ್ತು. ಸಾಲಾಗಿ ನಿಂತ ಗಾಡಿಗಳಲ್ಲಿ ದೊಡ್ಡ ದೊಡ್ಡ ಗಾಜಿನ ಭರಣಿಗಳು. ಒಳಗೆ ಉಪ್ಪುನೀರಿನಲ್ಲಿ ಮುಳುಗಿದ ನೆಲ್ಲಿಕಾಯಿ, ಮಾವು, ಅನಾನಸು, ಗಜ್ಜರಿ, ಹಸಿಮೆಣಸು. ಸೈನಂಬು ಅನಾನಸು ಕೇಳಿದಳು. ಗಾಡಿಯವನು ಹೋಳನ್ನು ಕಾಗದದ ತಟ್ಟೆಗೆ ಹಾಕಿ, ಮೇಲೆ ಖಾರ ಉದುರಿಸಿ ಕೊಟ್ಟ. ಅವಳು ಕಚ್ಚಿದಳು. ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಖಾರ ಜಾಸ್ತಿಯಾಯ್ತಾ?"

"ಇಲ್ಲ ಕಣೇ. ವಾರದಿಂದ ಬಾಯಲ್ಲಿ ತುಪ್ಪಾನೇ ಕೂತಿತ್ತು. ಈಗ ನಾಲಿಗೆ ಎಚ್ಚರಾಯ್ತು. ತಗೋ, ಕಚ್ಚು."

"ನನಗೆ ಬೇಡ. ಇಲ್ಲಿ ನಿಂತು ತಿಂದ್ರೆ ಯಾರಾದ್ರೂ…"

"ಯಾರು ನೋಡ್ತಾರೆ? ಎಲ್ಲರೂ ಕಡಲು ನೋಡ್ತಿದ್ದಾರೆ."

ಹಫ್ಸತ್ ಹುಟ್ಟಿದಂದಿನಿಂದ ಕಡಲಿನಿಂದ ಹತ್ತು ನಿಮಿಷದ ದೂರದಲ್ಲಿದ್ದವಳು. ಗಾಡಿಯ ಮುಂದೆ ನಿಂತು ಅವಳು ಎಂದೂ ತಿಂದವಳಲ್ಲ. ಪಂಡಸಾಲೆ ಮನೆಯ ಹೆಣ್ಣು ಹೊರಗೆ ಬಾಯಿ ಆಡಿಸಿದರೆ ಮನೆಯ ಒಲೆ ಆರಿದೆ ಎಂದು ಊರು ತಿಳಿಯುತ್ತದೆ. ಅತ್ತೆ ಕಚ್ಚಿದ ಹೋಳಿನ ಇನ್ನೊಂದು ತುದಿಯನ್ನು ಅವಳು ಕಚ್ಚಿದಳು. ಆಮೇಲೆ ಇಬ್ಬರೂ ಸೇರಿ ಒಂದೇ ತಟ್ಟೆಯಲ್ಲಿ ನೆಲ್ಲಿಕಾಯಿ ತಿಂದರು.

ಆ ಜಾಕೀಟು ಹೊಲಿದು ಮುಗಿಯಲೇ ಇಲ್ಲ. ಒಂದು ದಿನ ತೋಳು ಬಿಗಿ, ಇನ್ನೊಂದು ದಿನ ಕೊರಳು ಅಗಲ, ಮತ್ತೊಂದು ದಿನ ದರ್ಜಿಗೆ ಜ್ವರ. ಹೀಗೆ ಮಿಠಾಯಿ ಬೀದಿಗೆ ಹೋಗಿ ಕೆಂಪು, ಹಸಿರು, ಕಪ್ಪು ಹಲ್ವದ ಗುಡ್ಡಗಳನ್ನು ನೋಡಿದರು. ಅಂಗಡಿಯವರು ರುಚಿಗೆಂದು ಕೊಟ್ಟ ಚೂರುಗಳನ್ನೇ ಏಳೆಂಟು ಅಂಗಡಿಯಲ್ಲಿ ತಿಂದು, ಏನೂ ಕೊಳ್ಳದೆ ಬಂದರು. ಬಸ್ಸು ಹತ್ತಿ ಬೇಪೂರಿಗೆ ಹೋಗಿ, ಹೊಳೆಯ ದಂಡೆಯಲ್ಲಿ ಕಟ್ಟುತ್ತಿದ್ದ ಮರದ ಹಡಗಿನ ಹೊಟ್ಟೆಯ ಕೆಳಗೆ ನಿಂತರು. ಸೈನಂಬು ಆ ಹಲಗೆಯ ಮೇಲೆ ಕೈಯಿಟ್ಟು, "ಇದರೊಳಗೆ ನಮ್ಮ ಆಲತ್ತೂರಿನ ಇಡೀ ಅಂಗಡಿಬೀದಿ ಹಿಡಿಯುತ್ತೆ. ಮಾತಾಡೋರ್ನೆಲ್ಲ ತುಂಬಿ ಕಳಿಸಬಹುದು," ಎಂದಳು. ಒಂದು ಸಂಜೆ ದೋಣಿಗಳು ಬರುವ ಜಾಗದ ಹತ್ತಿರ ಒಂದು ಗಾಡಿಯಲ್ಲಿ, ಅಕ್ಕಿಹಿಟ್ಟು ತುಂಬಿ ಹುರಿದ ಕಡುಕ್ಕ ಎಂಬ ಕಪ್ಪುಚಿಪ್ಪನ್ನು ತಿಂದರು. ಚಿಪ್ಪಿನೊಳಗಿನ ಆ ಜೀವವನ್ನು ತಿನ್ನುವುದು ಹೇಗೆಂದು ಹಫ್ಸತ್ ತೋರಿಸಿಕೊಟ್ಟಳು.

ಅಲ್ಲೇ, ಕಲ್ಲುಕಟ್ಟೆಯ ಮೇಲೆ ಕೂತು, ಅವಳು ಕೇಳಿದಳು:

"ಅಮ್ಮಾ, ನೀವು ನನ್ನ ಕರ್ಕೊಂಡು ಹೋಗೋಕೆ ಬಂದಿದ್ದೀರಿ, ಅಲ್ವಾ?"

"ಯಾರು ಹೇಳಿದ್ದು?"

"ನಿಮ್ಮ ಮಗ."

"ಅವನ ಹೊಟ್ಟೇಲಿ ಬಿರಿಯಾನಿ ನಿಲ್ಲುತ್ತೆ, ಮಾತು ನಿಲ್ಲಲ್ಲ." ಸೈನಂಬು ಚಿಪ್ಪನ್ನು ದೂರ ಎಸೆದಳು. "ಹೂಂ. ಬಂದಿದ್ದು ಅದಕ್ಕೇ. ಬರ್ತೀಯಾ?"

ಹಫ್ಸತ್ ಬಹಳ ಹೊತ್ತು ಬೆರಳು ಒರೆಸಿಕೊಂಡಳು.

"ನಾನು ಆ ಮನೆ ಬಿಟ್ಟು ಬೇರೆ ಕಡೆ ಒಂದು ದಿನಾನೂ ಮಲಗಿಲ್ಲ. ಉಮ್ಮ ಒಬ್ಬಳೇ ಮಗಳು ಅಂತ ನನ್ನನ್ನೇ ನೆಚ್ಕೊಂಡಿದ್ದಾಳೆ. ವಲ್ಯುಮ್ಮನಿಗೆ ಎಂಬತ್ತರ ಹತ್ರ, ನಾನು ತಲೆಗೆ ಎಣ್ಣೆ ಹಚ್ಚಿದ್ರೇನೇ ಮಲಗೋದು. ನನಗೆ ಬರಬೇಕು ಅಂತಾನೂ ಇದೆ. ಹೆದರಿಕೇನೂ ಇದೆ."

"ಹೆದರಿಕೆ ಸರಿ. ನನಗೂ ಹದಿನೇಳನೇ ವಯಸ್ಸಲ್ಲಿ ಆಗಿತ್ತು," ಎಂದಳು ಸೈನಂಬು. "ಇನ್ನೊಂದು ತಟ್ಟೆ ಹೇಳು."

ಆ ಇನ್ನೊಂದು ತಟ್ಟೆಯೇ ಮುಳುವಾಯಿತು. ಅದು ಬರುವಷ್ಟರಲ್ಲಿ ಆಲಿಕ್ಕೋಯ ತನ್ನ ಗೆಳೆಯರೊಂದಿಗೆ ಸಂಜೆಯ ಗಾಳಿಗೆ ಬಂದಿದ್ದ. ಪುದಿಯಾಪ್ಳನ ತಾಯಿ ಗಾಡಿಯವನೊಡನೆ ಖಾರ ಸಾಲದೆಂದು ಜಗಳವಾಡುತ್ತಿದ್ದುದನ್ನು ಅವನು ನೋಡಿದ. ಗೆಳೆಯರು ನೋಡಿದರು. ಅವರು ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಕಡುಕ್ಕದ ಸುದ್ದಿ ಅಷ್ಟರಲ್ಲಿ ಅನಾನಸನ್ನೂ ನೆಲ್ಲಿಕಾಯಿಯನ್ನೂ ಎಬ್ಬಿಸಿ ಜೊತೆಗೆ ಕರೆತಂದಿತು. ಹಿಂದಿನ ವಾರ ಕಂಡವರೂ ಈಗ ಬಾಯಿ ಬಿಟ್ಟರು.

ಅತ್ತೆ ಸೊಸೆ ಮನೆ ಮುಟ್ಟುವ ಮೊದಲೇ ಆಲಿಕ್ಕೋಯ ಮುಟ್ಟಿದ್ದ.

"ಜಾಕೀಟು ಆಯ್ತಾ?" ಎಂದು ಕೇಳಿದ.

ಹಫ್ಸತ್ ತುಟಿಯ ಮೇಲಿನ ಖಾರ ಒರೆಸಿಕೊಂಡಳು.

"ಮಾನ ಹೋಯ್ತು!" ಎಂದು ಅವನು ತಾಯಿಯ ಕಡೆ ತಿರುಗಿದ. "ನನ್ನ ಜೊತೆ ಬಂದಿದ್ದ ಅಬೂಬಕ್ಕರ್ ಕೇಳ್ತಾನೆ, 'ಏನು ಕೋಯಾ, ನಿಮ್ಮಲ್ಲಿ ಗ್ಯಾಸ್ ಸಿಲಿಂಡರ್ ಮುಗಿದಿದ್ಯಾ' ಅಂತ. ಬೀಗಿತ್ತಿಗೆ ಊಟ ಹಾಕದೆ ಬೀದಿಗೆ ಬಿಟ್ಟಿದ್ದೀವಿ ಅಂತ ಊರೆಲ್ಲ ಆಡ್ಕೋತಿದೆ."

"ಊಟ ಹಾಕಿಲ್ವಾ?" ಬಿಚ್ಚಾತು ಕೂಗಿದಳು. "ಬೆಳಿಗ್ಗೆಯಿಂದ ನಾನು ಒಲೆ ಮುಂದೆ ಬೇಯ್ತಿದ್ದೀನಿ! ನೀನು ಬಂದು ಒಂದು ಈರುಳ್ಳಿ ಹೆಚ್ಚಿದ್ಯಾ?"

"ನಾನು ಯಜಮಾನ ಕಣೇ, ಈರುಳ್ಳಿ ಹೆಚ್ಚೋಕೆ—"

"ಯಜಮಾನನಾದ್ರೆ ನಾಳೆ ಅಂಜಲ್ ಮೀನು ತಂದುಕೊಡು, ದೊಡ್ಡದು," ಎಂದಳು ಇಂಬಿಚ್ಚಿಬಿ, ಮಧ್ಯೆ ಬಾಯಿ ಹಾಕಿ. ಸೈನಂಬುವಿನ ಕಡೆ ಅವಳು ನೋಡಲಿಲ್ಲ. "ನಮ್ಮ ಕೈರುಚಿ ಹಿಡಿಸಿಲ್ಲ ಅಂತ ಕಾಣುತ್ತೆ. ಇನ್ನೂ ಚೆನ್ನಾಗಿ ಮಾಡೋಣ."

"ಹಾಗಲ್ಲ ಉಮ್ಮಾ, ನಾನು ಕಡಲು ನೋಡೋಕೆ…" ಎಂದಳು ಸೈನಂಬು.

"ಕಡಲು ನೋಡೋಕೆ ಕಣ್ಣು ಸಾಕು. ಬಾಯಿ ಯಾಕೆ?"

ಮರುದಿನದ ಊಟದ ಬಗ್ಗೆ ಕುಟ್ಟಿಚ್ಚಿರದಲ್ಲಿ ಈಗಲೂ ಮಾತಾಡುತ್ತಾರೆ. ಇಡೀ ಕೋಳಿಯ ಹೊಟ್ಟೆಯಲ್ಲಿ ಮಸಾಲೆ, ಮಸಾಲೆಯ ಒಳಗೆ ಬೇಯಿಸಿದ ಮೊಟ್ಟೆ. ಅಂಗೈ ಅಗಲದ ಅಂಜಲ್ ಹೋಳುಗಳು. ಬಿರಿಯಾನಿ. ಸಕ್ಕರೆಪಾಕದಲ್ಲಿ ಮೊಟ್ಟೆಯ ಹಳದಿಯನ್ನು ನೂಲಿನಂತೆ ಎಳೆದು ಮಾಡಿದ ಮುಟ್ಟಮಾಲ. ಮನೆಯವರ ಮನಸ್ಸು ನೋಯಿಸಿದೆ ಎಂಬ ಪಶ್ಚಾತ್ತಾಪಕ್ಕೆ ಸೈನಂಬು ತಟ್ಟೆಯಲ್ಲಿ ಒಂದು ಚೂರನ್ನೂ ಬಿಡಲಿಲ್ಲ. ಬಿಚ್ಚಾತು ಹಾಕಿದಳು, ಅವಳು ಮುಗಿಸಿದಳು. ಇಂಬಿಚ್ಚಿಬಿ ತಾನೇ ಎದ್ದು ಬಂದು ಹಾಕಿದಳು, ಅದನ್ನೂ ಮುಗಿಸಿದಳು. ಮೂರನೆಯ ಹೋಳು ಅಂಜಲ್ ತಟ್ಟೆಗೆ ಬಿದ್ದಾಗ ಸೈನಂಬುವಿನ ಹಣೆಯಲ್ಲಿ ಬೆವರು ಮೂಡಿತ್ತು.

ಇಳಿಹೊತ್ತಿನ ಅಸರ್ ಬಾಂಗು ಕೂಗುವ ಹೊತ್ತಿಗೆ ಅವಳು ಮಂಚದಲ್ಲಿ ಮುದುಡಿ ಮಲಗಿದ್ದಳು. ಎರಡು ಸಲ ವಾಂತಿಯಾಗಿತ್ತು. ಬಿಚ್ಚಾತು ಓಮದ ನೀರು ತಂದಳು. ಆಲಿಕ್ಕೋಯ ಬಾಗಿಲಲ್ಲಿ ನಿಂತು, "ನಾನು ಹೇಳಲಿಲ್ವಾ? ಗಾಡಿ ಕಡುಕ್ಕ. ಕೊಳಕು ನೀರು," ಎಂದ.

"ಎಲ್ಲಾ ಇವಳದೇ ಕೆಲಸ!" ಬಿಚ್ಚಾತು ಮಗಳ ಮೇಲೆ ಹರಿಹಾಯ್ದಳು. "ವಯಸ್ಸಾದೋರನ್ನ ಬೀದಿ ಬೀದಿ ಸುತ್ತಿಸಿ, ಸಿಕ್ಕಿದ್ದು ತಿನ್ನಿಸಿ… ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಗಂಡನಿಗೆ ಯಾವ ಮುಖ ತೋರಿಸ್ತೀಯಾ?"

ಹಫ್ಸತ್ ಅಳಲು ಶುರುಮಾಡಿದಳು. ಮಂಚದ ಮೇಲಿಂದ ಸೈನಂಬು ತಲೆಯೆತ್ತಿದಳು.

"ಹುಡುಗೀನ ಬೈಬೇಡಿ."

"ಬೈಯದೆ ಇನ್ನೇನು ಸೈನಂಬಕ್ಕಾ? ಆ ಕಡುಕ್ಕ—"

"ಕಡುಕ್ಕ ಏನೂ ಮಾಡಿಲ್ಲ! ಗಾಡಿಯೋನು ಒಂದು ತಟ್ಟೆ ಕೊಟ್ಟ, ತಿಂದೆ, ಮುಗೀತು. ಅವನು ಮತ್ತೆ ಹಾಕಲಿಲ್ಲ! ನನ್ನ ಕೊಂದದ್ದು ನೀವು. ಬಂದ ದಿನದಿಂದ ಖಾಲಿ ಮಾಡ್ತೀನಿ, ಹಾಕ್ತೀರಿ, ಖಾಲಿ ಮಾಡ್ತೀನಿ, ಹಾಕ್ತೀರಿ. ಇದೇನು ಊಟಾನಾ, ಮಿಲ್ಲಿಗೆ ಭತ್ತ ಸುರಿಯೋದಾ?"

ಬಿಚ್ಚಾತು ಓಮದ ನೀರಿನ ಲೋಟ ಕೆಳಗಿಟ್ಟಳು.

"ಸಾಕಾಗಿದ್ರೆ ಎರಡು ತುತ್ತು ಬಿಡಬೇಕಿತ್ತು," ಎಂದಳು ಬಿಚ್ಚಾತು, ಸಣ್ಣ ದನಿಯಲ್ಲಿ.

"ಬಿಡೋದಾ? ಅನ್ನಾನಾ? ತಟ್ಟೇಲಿ?" ಸೈನಂಬು ಹೊಟ್ಟೆ ಹಿಡಿದುಕೊಂಡೇ ಎದ್ದು ಕೂತಳು.

ಆಗಷ್ಟೇ ಮಂಡಿಯಿಂದ ಓಡಿ ಬಂದಿದ್ದ ಕಾಜಾ ಮೆಟ್ಟಿಲ ಮೇಲೆ ನಿಂತಿದ್ದ. ಎಲ್ಲರೂ ಅವನ ಕಡೆ ತಿರುಗಿದರು.

"ಅದು… ನಾನು ಹೇಳಬೇಕು ಅಂತಿದ್ದೆ," ಎಂದ.

"ಯಾವಾಗ? ನನ್ನ ಮಣ್ಣು ಮಾಡಿದ ಮೇಲಾ?" ಎಂದಳು ತಾಯಿ.

ಮಂಚದ ಕಾಲ ಬಳಿ ನಿಂತಿದ್ದ ಇಂಬಿಚ್ಚಿಬಿ ಕೆಳಗಿಳಿದು ಹೋಗಿ ತನ್ನ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಅರವತ್ತು ವರ್ಷ ಅವಳು ಆ ಮನೆಗೆ ಬಂದವರಿಗೆಲ್ಲ ಬಡಿಸಿದ್ದಳು. ಮಿಲ್ಲಿಗೆ ಭತ್ತ ಸುರಿದಂತೆ ಎಂದು ಯಾರೂ ಹೇಳಿರಲಿಲ್ಲ. ಎರಡು ದಿನ ಅವಳು ಅಡುಗೆಮನೆಗೆ ಕಾಲಿಡಲಿಲ್ಲ. ಬಿಚ್ಚಾತು ಮಾಡಿದ ಸಾರಿಗೆ ಉಪ್ಪು ಕಡಿಮೆಯೋ ಹೆಚ್ಚೋ ಎಂದು ಹೇಳುವವರಿಲ್ಲದೆ ಮನೆ ಬಿಕೋ ಎಂದಿತು. ಕಾಜಾ ತಾನೇ ಸ್ವಲ್ಪ ಬಡಿಸಿಕೊಂಡು ತಿಂದು, ಗಾಬರಿಯಿಂದ ಎರಡರ ಬದಲು ನಾಲ್ಕು ತುತ್ತು ಉಳಿಸಿ ಎದ್ದ.

ಮೂರನೆಯ ದಿನ ಮಧ್ಯಾಹ್ನ ಇಂಬಿಚ್ಚಿಬಿ ಎದ್ದಳು. ತಾನೇ ಗಂಜಿ ಬೇಯಿಸಿದಳು. ಹೆಸರುಕಾಳಿನ ಪಲ್ಯ ಮಾಡಿದಳು. ಹಪ್ಪಳ ಸುಟ್ಟಳು. ಎಲ್ಲವನ್ನೂ ಒಂದು ಹರಿವಾಣದಲ್ಲಿಟ್ಟು ಹಫ್ಸತ್‌ಳ ಕೈಲಿ ಹೊರಿಸಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಸೈನಂಬುವಿನ ಕೋಣೆಗೆ ಬಂದಳು. ಬಟ್ಟಲಿಗೆ ಎರಡು ಸೌಟು ಗಂಜಿ ಹಾಕಿದಳು.

"ಇಷ್ಟೇ. ಖಾಲಿ ಮಾಡು. ಮತ್ತೆ ಹಾಕಲ್ಲ."

ಸೈನಂಬು ಬಟ್ಟಲನ್ನೂ ಮುದುಕಿಯನ್ನೂ ನೋಡಿದಳು.

"ನೀವೂ ಕೂತ್ಕೊಳ್ಳಿ."

"ಅತಿಥಿ ಉಣ್ಣುವಾಗ ಮನೆಯವರು ಕೂರೋದಿಲ್ಲ."

"ಹಾಗಾದ್ರೆ ನಾನು ಅತಿಥಿ ಅಲ್ಲ ಬಿಡಿ. ನಿಮ್ಮ ಮನೇಲಿ ವಾಂತಿ ಮಾಡಿದ ಮೇಲೂ ಇನ್ನೆಂಥ ಅತಿಥಿ?"

ಇಂಬಿಚ್ಚಿಬಿಯ ಬಾಯಿಯ ತುದಿ ಅಲುಗಿತು. ಮಂಡಿ ಲಟಲಟ ಎನ್ನುತ್ತ ಅವಳು ಚಾಪೆಯ ಮೇಲೆ ಕೂತಳು. ಹಫ್ಸತ್ ಇನ್ನೊಂದು ಬಟ್ಟಲು ತಂದಳು. ಇಬ್ಬರು ಹೆಂಗಸರೂ ಎದುರುಬದುರು ಕೂತು ಗಂಜಿ ಕುಡಿಯತೊಡಗಿದರು.

"ನೀನು ಏನು ಕೇಳೋಕೆ ಬಂದೆ ಅಂತ ನನಗೆ ಮೊದಲ ದಿನವೇ ಗೊತ್ತು," ಎಂದಳು ಇಂಬಿಚ್ಚಿಬಿ.

"ಗೊತ್ತಿದ್ದೂ ಅಷ್ಟು ಬಡಿಸಿದ್ರಾ?"

"ಗೊತ್ತಿದ್ದೇ ಬಡಿಸಿದ್ದು."

ಸೈನಂಬು ನಕ್ಕಳು, ಹೊಟ್ಟೆ ನೋಯಿತು, ನಗು ನಿಲ್ಲಿಸಿದಳು.

"ಈಗ ಬಾಯಿ ಖಾಲಿ ಇದೆ. ಕೇಳು," ಎಂದಳು ಮುದುಕಿ.

"ಉಮ್ಮಾ, ನೆರೆಯವರು ಆಡ್ಕೋತಾರೆ, ಅದಕ್ಕೇ ಬಂದೆ ಅಂತ ನಾನೂ ಅಂದ್ಕೊಂಡಿದ್ದೆ. ಅದಲ್ಲ. ನಮ್ಮಲ್ಲಿ ಗಂಡ, ಇನ್ನಿಬ್ಬರು ಗಂಡುಮಕ್ಕಳು, ಮಿಲ್ಲಿನ ಆಳುಗಳು. ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ನಾನು ಒಲೆ ಹತ್ರ ನಿಂತೇ ತಿಂತೀನಿ. ಮದುವೆಯಾದಾಗಿಂದ ಹಾಗೇ. ಸಾರು ಚೆನ್ನಾಗಿದ್ರೆ ಯಾರೂ ಹೇಳಲ್ಲ, ಕೆಟ್ಟಿದ್ರೂ ಹೇಳಲ್ಲ. ನುಂಗಿ ಎದ್ದು ಹೋಗ್ತಾರೆ. ಒಬ್ಬಳು ಹೆಣ್ಣು ಮನೆಗೆ ಬಂದ್ರೆ ಎದುರಿಗೆ ಕೂತ್ಕೋತಾಳೆ ಅಂತ ಆಸೆ. ಇಲ್ಲಿಗೆ ಬಂದೆ. ಇಲ್ಲೂ ನೀವೆಲ್ಲ ನಿಂತ್ಕೊಂಡ್ರಿ, ನಾನೊಬ್ಬಳೇ ತಿಂದೆ." ಬಟ್ಟಲಿನ ಕೊನೆಯ ಗಂಜಿ ಕುಡಿದಳು. "ಆ ಗಾಡಿ ಹತ್ರ ಹಫ್ಸತ್ ನನ್ನ ತಟ್ಟೆಗೇ ಕೈ ಹಾಕಿದ್ಲು. ಅದಕ್ಕೇ ದಿನಾ ಹೋದೆ. ಅನಾನಸಿಗಲ್ಲ."

ಇಂಬಿಚ್ಚಿಬಿ ಹಪ್ಪಳ ಮುರಿದು ಅರ್ಧವನ್ನು ಸೈನಂಬುವಿನ ಬಟ್ಟಲ ಅಂಚಿನಲ್ಲಿಟ್ಟಳು.

ಸಂಜೆ ಅವಳು ಹಫ್ಸತ್‌ಳನ್ನು ಕಡಲದಂಡೆಗೆ ಕಳಿಸಿ ಉಪ್ಪುನೆಲ್ಲಿಕಾಯಿ ತರಿಸಿದಳು. "ತಿನ್ನೋಕಲ್ಲ, ಏನು ಹಾಕ್ತಾನೆ ಅಂತ ನೋಡೋಕೆ," ಎಂದಳು. ನಾಲ್ಕು ನೆಲ್ಲಿಕಾಯಿ ನೋಡಿದಳು. ಉಪ್ಪು ಸಾಲದು ಎಂದಳು.

ಆ ದಿನದಿಂದ ಸೈನಂಬುವಿಗೆ ಪ್ರತ್ಯೇಕ ತಟ್ಟೆ ಹಾಕಲಿಲ್ಲ. ಗಂಡಸರು ಇಲ್ಲದ ಹೊತ್ತಿನಲ್ಲಿ ಪಂಡಸಾಲೆ ಮನೆಯ ಹೆಂಗಸರು ಅಡುಗೆಮನೆಯ ಚಾಪೆಯ ಮೇಲೆ ಒಂದೇ ದೊಡ್ಡ ಹರಿವಾಣದ ಸುತ್ತ ಕೂತು ಉಣ್ಣುತ್ತಾರೆ. ಅವಳೂ ಅಲ್ಲಿ ಕೂತಳು. ಹರಿವಾಣದಲ್ಲಿ ಯಾರ ಪಾಲು ಖಾಲಿ, ಯಾರ ಪಾಲು ತುಂಬಿದೆ ಎಂಬ ಲೆಕ್ಕವೇ ಇರಲಿಲ್ಲ. "ನಿಮ್ಮ ಮೀನುಸಾರಿಗೆ ಹುಳಿ ಹೆಚ್ಚು," ಎಂದಳು ಸೈನಂಬು. "ನಿಮ್ಮ ತಾಳೆಬೆಲ್ಲದಲ್ಲಿ ಮಣ್ಣು," ಎಂದಳು ಬಿಚ್ಚಾತು. ಎಲ್ಲರಿಗೂ ಸಮಾಧಾನವಾಯಿತು.

ಅಲ್ಲೇ ಒಂದು ಮಧ್ಯಾಹ್ನ ಹಫ್ಸತ್, ಮೀನಿನ ಮುಳ್ಳು ಬಿಡಿಸುತ್ತ, ತಲೆ ಎತ್ತದೆ ಹೇಳಿದಳು:

"ನಾನು ಅಮ್ಮನ ಜೊತೆ ಹೋಗಿ ಬರ್ತೀನಿ. ಸುಗ್ಗಿ ಮುಗಿಯೋವರೆಗೆ."

ಬಿಚ್ಚಾತುವಿನ ಕೈ ಹರಿವಾಣದಲ್ಲೇ ನಿಂತಿತು. ಅವಳು ತಾಯಿಯನ್ನು ನೋಡಿದಳು. ತಾಯಿ ಅನ್ನ ಕಲಸುತ್ತಿದ್ದಳು. ಬಿಚ್ಚಾತು ಎದ್ದು ಕೈ ತೊಳೆದು, ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆದಳು. ಸೈನಂಬು ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಬೇಡ ಅಂದ್ರೆ ಬೇಡ ಅನ್ನಿ, ಬಿಚ್ಚಾತು. ನಾನು ಬೇಜಾರು ಮಾಡ್ಕೊಳಲ್ಲ."

ಬಿಚ್ಚಾತು ಪಾತ್ರೆಯ ತಳ ಉಜ್ಜಿದಳು.

"ಅಲ್ಲಿ ನೀರು ಹೇಗಿದೆ?"

"ಬಾವಿ ನೀರು."

"ಗಡಸಾ? ಗಡಸು ನೀರಿಗೆ ಅವಳ ಕೂದಲು ಉದುರುತ್ತೆ."

"ಮೆದು. ಬೇಳೆ ಒಂದೇ ಕುದಿಗೆ ಬೇಯುತ್ತೆ."

"ಬೆಳಿಗ್ಗೆ ಎದ್ದ ತಕ್ಷಣ ಮಾತಾಡಿಸಬೇಡಿ. ಚಹಾ ಕುಡಿಯೋವರೆಗೂ ಅವಳಿಗೆ ಸಿಡಿಮಿಡಿ."

"ನನಗೂ ಹಾಗೇ."

"ಮಲಗುವಾಗ ಕಾಲ ಮೇಲೆ ಏನಾದ್ರೂ ಹೊದಿಸಬೇಕು. ಬೇಸಿಗೇಲೂ." ಬಿಚ್ಚಾತು ಮೂಗನ್ನು ತೋಳಿಗೆ ಒರೆಸಿಕೊಂಡಳು. "ಅವಳೇ ಹೇಳಲ್ಲ. ಚಳಿ ಆಗ್ತಿದ್ರೂ ಹೇಳಲ್ಲ."

"ನಾನೇ ಹೊದಿಸ್ತೀನಿ," ಎಂದಳು ಸೈನಂಬು, ಮತ್ತು ಇನ್ನೊಂದು ಪಾತ್ರೆ ತೆಗೆದುಕೊಂಡು ತೊಳೆಯತೊಡಗಿದಳು.

ಆಲಿಕ್ಕೋಯನಿಗೆ ವಿಷಯ ತಿಳಿದಾಗ ಅವನು ಚಹಾವನ್ನು ಅರ್ಧಕ್ಕೇ ಇಟ್ಟ.

"ಈ ಮನೆ ಹೆಣ್ಣು ಇದುವರೆಗೆ ಯಾರಾದ್ರೂ ಗಂಡನ ಮನೇಲಿ ಹೋಗಿ ಕೂತಿದ್ದಾರಾ? ಜನ ಏನಂತಾರೆ?"

"ಜನಕ್ಕೆ ಕಡುಕ್ಕ ಹಳೇದಾಯ್ತು," ಎಂದಳು ಇಂಬಿಚ್ಚಿಬಿ. "ಏನಾದ್ರೂ ಹೊಸದು ಬೇಡ್ವಾ?"

"ಉಮ್ಮಾ, ತಮಾಷೆಯಲ್ಲ. ನಾನು ಒಪ್ಪಲ್ಲ."

"ನೀನು ನಿನ್ನ ಹೆಂಡತಿ ಮನೇಲಿ ಎದ್ದು, ಅಲ್ಲಿ ತಿಂಡಿ ತಿಂದು, ಇಲ್ಲಿ ಬಂದು ಒಪ್ಪಲ್ಲ ಅಂತೀಯಾ. ಮೊದ್ಲು ಯಾವ ಮನೆಯೋನು ಅಂತ ತೀರ್ಮಾನ ಮಾಡ್ಕೋ. ಚಹಾ ಆರ್ತಿದೆ, ಕುಡಿ."

ಅವನು ಕುಡಿದ. ಆಗ ಮಾಳಿಗೆಯಿಂದ ಇಳಿದು ಬಂದ ಕಾಜಾ, ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದ:

"ಅವಳು ಅಲ್ಲಿಗೆ ಹೋದ್ರೆ ನಾನೇನು ಮಾಡಲಿ? ಮಂಡೀಲಿ ರಜೆ ಸಿಗಲ್ಲ."

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಹೆಂಡತಿ ಮನೆಯಲ್ಲಿಲ್ಲದಾಗ ಪುದಿಯಾಪ್ಳ ಅಲ್ಲಿ ಮಲಗುವ ಪದ್ಧತಿ ನಮ್ಮಲ್ಲಿಲ್ಲ. ಅವನ ತಾಯಿಗಾಗಿ ಒಂದು ಪದ್ಧತಿಯನ್ನು ಮುರಿದದ್ದೇ ಸಾಕೆಂದು ಇಂಬಿಚ್ಚಿಬಿಗೆ ಅನಿಸಿರಬೇಕು.

ಫೆಬ್ರವರಿಯ ಕೊನೆಯಲ್ಲಿ ಹಫ್ಸತ್ ಅತ್ತೆಯ ಜೊತೆ ಆಲತ್ತೂರಿಗೆ ಹೋದಳು. ಮಳೆ ಹಿಡಿಯುವ ಮೊದಲು ಇಬ್ಬರೂ ಒಟ್ಟಿಗೆ ಕುಟ್ಟಿಚ್ಚಿರಕ್ಕೆ ಬಂದರು. ಅಂದಿನಿಂದ ಪ್ರತಿ ವರ್ಷ ಹೀಗೇ ನಡೆಯುತ್ತಿದೆ. ಸುಗ್ಗಿಯ ತಿಂಗಳುಗಳಲ್ಲಿ ಕಾಜಾ ರೈಲ್ವೆ ಸ್ಟೇಷನ್ನಿನ ಹತ್ತಿರದ ಲಾಡ್ಜಿನಲ್ಲಿರುತ್ತಾನೆ.